ಸಾಗವಾನಿ ತೋಪಿನ ಅಳತೆಗೆ ಮಾದರಿ ತಾಕು: ವೃತ್ತವೋ, ಚೌಕವೋ, ಎಷ್ಟು ಗುಂಟೆಯೋ

ಮುಂಡಗೋಡ ಸೀಮೆಯಲ್ಲಿ ಹಳ್ಳದ ಅಂಚಿನಿಂದ ಗುಡ್ಡದ ನೆತ್ತಿಯವರೆಗೆ ಹಬ್ಬಿರುವ 20 ಎಕರೆಯ ಖಾಸಗಿ ಸಾಗವಾನಿ ತೋಪಿನಲ್ಲಿ ಈಗ ಎಷ್ಟು ಮರಗಳಿವೆ, ಯಾವ ಸುತ್ತಳತೆಯವು ಎಷ್ಟಿವೆ, ನಡುನಡುವೆ ಮರ ತೆಗೆದು ತೋಪನ್ನು ವಿರಳಗೊಳಿಸುವ ಮುಂದಿನ ಥಿನ್ನಿಂಗ್‌ನಲ್ಲಿ ಎಷ್ಟನ್ನು ತೆಗೆಯಬಹುದು ಎಂದು ಅಂದಾಜು ಮಾಡುವ ಕೆಲಸದ ದಾಖಲೆ ಇದು. ಗಿಡಗಳನ್ನು 10 ಅಡಿಗೆ 10 ಅಡಿ ಅಂತರದಲ್ಲಿ ನೆಟ್ಟಿದ್ದಾರೆ. ಆ ಲೆಕ್ಕದಲ್ಲಿ ಎಕರೆಗೆ ಸುಮಾರು 435 ಗಿಡಗಳಾಗುತ್ತವೆ. ಹಳ್ಳದ ಕಡೆಯ 8 ಎಕರೆಯಲ್ಲಿ ಸಾಲುಗಳು ಇನ್ನೂ ನೆಟ್ಟ ಹಾಗೆಯೇ ಇವೆ. ಮೇಲಿನ 12 ಎಕರೆಯಲ್ಲಿ ಒಮ್ಮೆ ಥಿನ್ನಿಂಗ್ ಆಗಿದೆ, ಕೆಲವು ಕಡೆ ಗಿಡ ಸತ್ತು ಬಯಲೂ ಆಗಿದೆ. ಕಡಿಯಲು ಅನುಮತಿ ಕೇಳುವಾಗ ಮರ ಮರವನ್ನೂ ಎಣಿಸಿ ಪಟ್ಟಿ ಕೊಡುವುದು ಬೇರೆಯ ಕೆಲಸ. ಈಗ ಬೇಕಾಗಿದ್ದುದು ಮಾಲೀಕರು ತೀರ್ಮಾನ ತೆಗೆದುಕೊಳ್ಳಲು ಸಾಕಾಗುವ, ಶೇಕಡಾ 10ರ ಆಚೀಚೆಗಿನ ಅಂದಾಜು. ಅದಕ್ಕೆ ಮಾದರಿ ತಾಕುಗಳು, ಅಂದರೆ ಇಡೀ ತೋಪಿನ ಬದಲು ಅಲ್ಲಲ್ಲಿ ಗುರುತಿಸಿ ಅಳೆಯುವ ಸಣ್ಣ ತುಂಡುಗಳು, ಸಾಕು. ಆದರೆ ತಾಕಿನ ಆಕಾರ ಮತ್ತು ಅಳತೆಯನ್ನು ಗೊತ್ತುಮಾಡುವುದರಲ್ಲಿಯೇ ಈ ಕೆಲಸದ ಮುಕ್ಕಾಲು ಪಾಲು ಯೋಚನೆ ಹೋಯಿತು.

ಮೊದಲು ಮಾನದ ವಿಷಯ. ಅರಣ್ಯದ ಪುಸ್ತಕಗಳು ಹೆಕ್ಟೇರಿನಲ್ಲಿ ಮಾತನಾಡುತ್ತವೆ. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯು ಬಹುಕಾಲ 0.1 ಹೆಕ್ಟೇರಿನ, ಅಂದರೆ ಬದಿಗೆ 31.62 ಮೀಟರಿನ ಚೌಕವನ್ನು ಬಳಸಿತು. ಆಮೇಲಿನ ವಿನ್ಯಾಸದಲ್ಲಿ 8 ಮೀಟರ್ ತ್ರಿಜ್ಯದ ನಾಲ್ಕು ಸಣ್ಣ ವೃತ್ತಗಳ ಗುಚ್ಛವನ್ನು ತೆಗೆದುಕೊಂಡಿತು. ನಮ್ಮ ತೋಪಿನ ಪಹಣಿ ಎಕರೆ–ಗುಂಟೆಯಲ್ಲಿದೆ, ನೆಟ್ಟ ಅಂತರ ಅಡಿಯಲ್ಲಿದೆ, ಮಾಲೀಕರ ಲೆಕ್ಕವೂ ಗುಂಟೆಯಲ್ಲಿಯೇ ನಡೆಯುತ್ತದೆ. ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ, 1,089 ಚದರಡಿ. ನಾಲ್ಕು ಗುಂಟೆ ಎಂದರೆ 66 ಅಡಿಯ ಚೌಕ, ಎಕರೆಯ ಹತ್ತನೇ ಒಂದು ಪಾಲು. ನಾಲ್ಕು ಗುಂಟೆಯ ತಾಕಿನಲ್ಲಿ ಸಿಕ್ಕ ಸಂಖ್ಯೆಗೆ ಒಂದು ಸೊನ್ನೆ ಸೇರಿಸಿದರೆ ಎಕರೆಯ ಸಂಖ್ಯೆ ಬರುತ್ತದೆ. ಎರಡು ಗುಂಟೆಯ ವೃತ್ತದ ತ್ರಿಜ್ಯ 26.33 ಅಡಿ, ಅಂದರೆ 8.03 ಮೀಟರ್, ಸರ್ವೇಕ್ಷಣ ಸಂಸ್ಥೆಯ ಸಣ್ಣ ವೃತ್ತಕ್ಕೆ ಇದು ಸರಿಸುಮಾರು ಸಮ. ಹೀಗಾಗಿ ಗುಂಟೆಯಲ್ಲಿಯೇ ಕೆಲಸ ಮಾಡಲು ನಿರ್ಧರಿಸಿದೆವು.

ಆಕಾರವನ್ನು ಆರಿಸುವಾಗ ನಾನು ನೋಡುವುದು ಗಡಿಯನ್ನು. ತಾಕಿನ ನಡುವೆ ಇರುವ ಮರದ ಬಗ್ಗೆ ಯಾರಿಗೂ ಅನುಮಾನ ಬರುವುದಿಲ್ಲ. ಒಳಗೋ ಹೊರಗೋ ಎಂಬ ಜಗಳವೆಲ್ಲ ಗಡಿರೇಖೆಯ ಮೇಲಿನ ಮರಗಳದ್ದು. ನಾಲ್ಕು ಗುಂಟೆಯನ್ನೇ ವೃತ್ತವಾಗಿ ಹಾಕಿದರೆ ಗಡಿಯ ಉದ್ದ 234 ಅಡಿ, ಚೌಕವಾದರೆ 264 ಅಡಿ, 33 ಅಡಿಗೆ 132 ಅಡಿಯ ಆಯತವಾದರೆ 330 ಅಡಿ, ಹದಿನಾರೂವರೆ ಅಡಿ ಅಗಲದ ಉದ್ದ ಪಟ್ಟಿಯಾದರೆ 561 ಅಡಿ. ಗಡಿರೇಖೆಯ ಎರಡೂ ಕಡೆ ಅರ್ಧರ್ಧ ಅಡಿಯೊಳಗೆ ಬೀಳುವ ಮರಗಳನ್ನು ಅನುಮಾನದ ಮರಗಳೆಂದು ಇಟ್ಟುಕೊಂಡರೆ, ನೂರು ಚದರಡಿಗೆ ಒಂದು ಮರವಿರುವ ಈ ತೋಪಿನಲ್ಲಿ ವೃತ್ತಕ್ಕೆ ಸರಾಸರಿ ಎರಡಕ್ಕಿಂತ ತುಸು ಹೆಚ್ಚು, ಪಟ್ಟಿಗೆ ಐದೂವರೆ ಬರುತ್ತವೆ. ಉದ್ದನೆಯ ತಾಕಿಗೂ ಅದರದೇ ಆದ ಗುಣವಿದೆ: ಅದನ್ನು ಹಳ್ಳದಿಂದ ನೆತ್ತಿಯ ಕಡೆಗೆ ಮಲಗಿಸಿದರೆ ಕೆಳಗಿನ ದಪ್ಪ ಮರ, ಮೇಲಿನ ಸಣಕಲು ಮರ ಎರಡೂ ಒಂದೇ ತಾಕಿನೊಳಗೆ ಬಂದು, ತಾಕು ತಾಕಿನ ನಡುವಿನ ವ್ಯತ್ಯಾಸ ಕಡಿಮೆಯಾಗುತ್ತದೆ. ಸ್ವಾಭಾವಿಕ ಕಾಡಿನಲ್ಲಿ ನಾನು ಅದನ್ನೇ ಮೆಚ್ಚುತ್ತಿದ್ದೆ. ಇಲ್ಲಿ ಕೆಳಭಾಗ, ಮೇಲ್ಭಾಗ ಎಂದು ತೋಪನ್ನು ಮೊದಲೇ ಎರಡು ಮಾಡಿಕೊಂಡಿದ್ದರಿಂದ ಆ ಲಾಭ ಹಾಗೆಯೇ ಸಿಕ್ಕಿತು. ಪಟ್ಟಿಯ ಉದ್ದ ಗಡಿಯನ್ನು ಹೊತ್ತುಕೊಳ್ಳುವ ಅಗತ್ಯ ಉಳಿಯಲಿಲ್ಲ.

ನೆಟ್ಟ ತೋಪಿನಲ್ಲಿ ಇನ್ನೊಂದು ತೊಡಕಿದೆ, ಅದು ಕಾಡಿನಲ್ಲಿ ಇರುವುದಿಲ್ಲ. ಮರಗಳು ಚದುರಿ ನಿಂತಿಲ್ಲ, ಸಾಲು ಹಿಡಿದು ನಿಂತಿವೆ. ತೋಪಿಗೆ ಹೋಗುವ ಮೊದಲೇ ಚೌಕಳಿ ಹಾಳೆಯ ಮೇಲೆ 10 ಅಡಿಗೊಂದರಂತೆ ಚುಕ್ಕಿ ಇಟ್ಟು, ಅದೇ ಪ್ರಮಾಣದಲ್ಲಿ ಪಾರದರ್ಶಕ ಹಾಳೆಯ ಮೇಲೆ ತಾಕುಗಳನ್ನು ಬರೆದು, ಚುಕ್ಕಿಗಳ ಮೇಲೆ ಸರಿಸಿ ಎಣಿಸಿದೆ. ಒಂದು ಗುಂಟೆಯ ಚೌಕವನ್ನು ಸಾಲಿಗೆ ಸಮಾನಾಂತರವಾಗಿ ಇಟ್ಟರೆ, ಎಲ್ಲಿ ಇಟ್ಟೆವು ಎಂಬುದರ ಮೇಲೆ ಒಳಗೆ 9, 12 ಅಥವಾ 16 ಮರಗಳು ಬೀಳುತ್ತವೆ, ಬರಬೇಕಾದದ್ದು 10.89. ನಾಲ್ಕು ಗುಂಟೆಯ ಚೌಕದಲ್ಲಿ 36, 42 ಅಥವಾ 49, ಬರಬೇಕಾದದ್ದು 43.56. 33 ಅಡಿಯಲ್ಲಿ ಮೂರು ಸಾಲು ಹಿಡಿಯಬಹುದು, ನಾಲ್ಕೂ ಹಿಡಿಯಬಹುದು. ಚೌಕದ ಒಂದು ಬದಿ ಸರಿದಾಗ ಒಂದು ಇಡೀ ಸಾಲು ಒಟ್ಟಿಗೆ ಒಳಬರುತ್ತದೆ ಅಥವಾ ಹೊರಹೋಗುತ್ತದೆ. ವೃತ್ತದ ಗಡಿ ಸಾಲಿಗೆ ಸಮಾನಾಂತರವಾಗಿ ಓಡುವುದಿಲ್ಲವಾದ್ದರಿಂದ ಅಲ್ಲಿ ಇಂಥ ಜಿಗಿತ ಕಡಿಮೆ: ನಾಲ್ಕು ಗುಂಟೆಯ ವೃತ್ತದ ಕೇಂದ್ರವನ್ನು ಮರದ ಮೇಲೆಯೇ ಇಟ್ಟರೆ 45, ನಾಲ್ಕು ಮರಗಳ ನಟ್ಟನಡುವೆ ಇಟ್ಟರೆ 44, ಎರಡು ಮರಗಳ ನಡುವೆ ಇಟ್ಟರೂ 44.

ಆದರೆ ವೃತ್ತ ಸಣ್ಣದಾದಂತೆ ಈ ಅನುಕೂಲ ಕರಗುತ್ತದೆ. ಎರಡು ಗುಂಟೆಯ ವೃತ್ತದಲ್ಲಿ ಬರಬೇಕಾದದ್ದು 21.78, ಮರದ ಮೇಲೆ ಕೇಂದ್ರವಿಟ್ಟರೆ 21, ಎರಡು ಮರಗಳ ನಡುವೆ 22, ನಾಲ್ಕು ಮರಗಳ ನಡುವೆ 24 ಸಿಗುತ್ತದೆ. ಒಂದು ಗುಂಟೆಯದಾದರೆ ಮರದ ಮೇಲೆ 9, ನಡುವೆ 12. ಕೇಂದ್ರ ಎಲ್ಲೆಂದರಲ್ಲಿ ಬಿದ್ದರೆ ಹೆಚ್ಚು ಕಡಿಮೆಗಳು ಒಟ್ಟಿನಲ್ಲಿ ಸರಿದೂಗಿಯಾವು. ಮನುಷ್ಯ ಮಾತ್ರ ಎಲ್ಲೆಂದರಲ್ಲಿ ನಿಲ್ಲುವುದಿಲ್ಲ. ತೋಪಿನಲ್ಲಿ ಗೂಟ ಹೊಡೆಯುವವನು ಬೇರು, ಕಾಂಡ ತಪ್ಪಿಸಿ ನಾಲ್ಕು ಮರಗಳ ನಡುವಿನ ಅನುಕೂಲದ ಜಾಗದಲ್ಲಿಯೇ ಹೊಡೆಯುತ್ತಾನೆ. ಪ್ರತಿ ತಾಕಿನಲ್ಲಿಯೂ ಹಾಗೆಯೇ ನಡೆದರೆ ಎರಡು ಗುಂಟೆಯ ವೃತ್ತದಿಂದ ಸದಾ 24 ಬಂದು, ತೋಪಿನ ಮರಗಳ ಸಂಖ್ಯೆಯೇ ಶೇಕಡಾ 10ರಷ್ಟು ಹೆಚ್ಚಿ ಕಾಣುತ್ತದೆ, ಮತ್ತು ತಾಕುಗಳ ಸಂಖ್ಯೆಯನ್ನು ಎಷ್ಟು ಹೆಚ್ಚಿಸಿದರೂ ಆ ದೋಷ ಹೋಗುವುದಿಲ್ಲ. ಟೇಪು ಎಲ್ಲಿ ಮುಗಿಯಿತೋ ಅಲ್ಲಿಯೇ ಗೂಟ, ಅಲ್ಲಿ ಮರವಿದ್ದರೆ ಮರಕ್ಕೇ ಕೇಂದ್ರದ ಗುರುತು ಎಂಬ ನಿಯಮವನ್ನು ಇದಕ್ಕಾಗಿಯೇ ಮಾಡಿಕೊಂಡೆವು.

ಅಳತೆಯನ್ನು ಮರಗಳ ಸಂಖ್ಯೆಯಿಂದ ಹಿಡಿದೆ. ತಾಕಿಗೆ 15ರಿಂದ 20 ಮರಗಳು ಸಿಗುವಂತಿರಬೇಕು ಎಂಬುದು ಕ್ಷೇತ್ರದಲ್ಲಿ ಬಳಕೆಯಲ್ಲಿರುವ ಅಂದಾಜು; ಅದಕ್ಕಿಂತ ಕಡಿಮೆಯಾದರೆ ಒಂದೆರಡು ದಪ್ಪ ಮರಗಳು ಇಡೀ ತಾಕಿನ ಸರಾಸರಿಯನ್ನು ಎಳೆದಾಡುತ್ತವೆ, ತೀರಾ ಹೆಚ್ಚಾದರೆ ಎಣಿಕೆಯಲ್ಲಿ ಬಿಟ್ಟುಹೋಗುವ ಮರಗಳು ಹೆಚ್ಚುತ್ತವೆ ಮತ್ತು ಒಂದೇ ಜಾಗದ ಒಂದೇ ಬಗೆಯ ಮರಗಳನ್ನು ಮತ್ತೆ ಮತ್ತೆ ಅಳೆದಂತಾಗುತ್ತದೆ. ದೊಡ್ಡದೊಂದು ತಾಕಿಗಿಂತ ಅಷ್ಟೇ ವಿಸ್ತೀರ್ಣದ ಎರಡು ಸಣ್ಣ ತಾಕುಗಳು ದೂರ ದೂರ ಇದ್ದರೆ ಹೆಚ್ಚು ಹೇಳುತ್ತವೆ, ಏಕೆಂದರೆ ಅಕ್ಕಪಕ್ಕದ ನೆಲ, ತೇವ, ಮಣ್ಣಿನ ಆಳ ಹೆಚ್ಚುಕಡಿಮೆ ಒಂದೇ. ಮೇಲ್ಭಾಗದಲ್ಲಿ ಎಕರೆಗೆ ಇನ್ನೂರರ ಆಸುಪಾಸಿನಲ್ಲಿ ಮರಗಳಿರುವುದು ಮೊದಲ ಸುತ್ತಾಟದಲ್ಲಿಯೇ ಕಂಡಿದ್ದರಿಂದ ಅಲ್ಲಿ ನಾಲ್ಕು ಗುಂಟೆಯ ವೃತ್ತ ಸರಿಹೋಯಿತು. ಕೆಳಭಾಗದಲ್ಲಿ ಎರಡು ಗುಂಟೆಯಷ್ಟು ಸಾಕು.

ಹಾಗಿದ್ದರೂ ಕೆಳಭಾಗಕ್ಕೆ ಎರಡು ಗುಂಟೆಯ ವೃತ್ತವನ್ನು ಹಾಕಲಿಲ್ಲ. ಸಾಲುಗಳು ಅಷ್ಟು ನಿಚ್ಚಳವಾಗಿ ಇರುವಾಗ ಅವುಗಳನ್ನೇ ಗಡಿಯಾಗಿ ಬಳಸುವುದು ಜಾಣತನ. ನಾಲ್ಕು ಸಾಲು, ಸಾಲಿಗೆ ಐದು ಗುಣಿ, ಒಟ್ಟು 20 ಗುಣಿಗಳ ಆಯತವನ್ನು ತೆಗೆದುಕೊಂಡು, ಗಡಿರೇಖೆಯನ್ನು ಒಂದು ಸಾಲಿಗೂ ಮುಂದಿನ ಸಾಲಿಗೂ ನಟ್ಟನಡುವೆ ಹಾಯಿಸಿದೆವು. ಗಡಿಗೆ ಅತಿ ಹತ್ತಿರದ ಮರವೂ ಐದಡಿ ದೂರದಲ್ಲಿ ಇರುವುದರಿಂದ ಒಳಗೋ ಹೊರಗೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ಟೇಪು ನಿಂತ ಬಿಂದುವಿಗೆ ಅತಿ ಹತ್ತಿರದ ಗುಣಿಯನ್ನು ಯಾವಾಗಲೂ ತಾಕಿನ ಒಂದೇ ಮೂಲೆ ಎಂದು ಮೊದಲೇ ಗೊತ್ತುಮಾಡಿಕೊಂಡಿದ್ದರಿಂದ ಚೆನ್ನಾಗಿ ಬೆಳೆದ ಮರಗಳ ಕಡೆಗೆ ತಾಕನ್ನು ವಾಲಿಸಲು ಅವಕಾಶ ಇರಲಿಲ್ಲ. ಸತ್ತ ಗಿಡದ ಗುಣಿಯನ್ನೂ ಖಾಲಿ ಎಂದು ಬರೆದುಕೊಳ್ಳುವುದರಿಂದ ಎಷ್ಟು ಗಿಡ ಉಳಿದಿದೆ ಎಂಬ ಲೆಕ್ಕ ಪ್ರತ್ಯೇಕ ಶ್ರಮವಿಲ್ಲದೆ ಸಿಗುತ್ತದೆ.

ಈ ಬಗೆಯ ತಾಕಿನಲ್ಲಿ ಕಣ್ಣಿಡಬೇಕಾದದ್ದು ಅಂತರದ ಮೇಲೆ. 10 ಅಡಿ ಎನ್ನುವುದು ನೆಟ್ಟವರ ಮಾತು. ಎರಡೂ ದಿಕ್ಕಿನಲ್ಲಿ ಅಂತರ ಶೇಕಡಾ 5ರಷ್ಟು ಕಡಿಮೆಯಿದ್ದರೂ, ಅಂದರೆ ಒಂಬತ್ತೂವರೆ ಅಡಿಗೆ ನೆಟ್ಟಿದ್ದರೂ, ತಾಕಿನ ವಿಸ್ತೀರ್ಣ ಶೇಕಡಾ 10ರಷ್ಟು ಕುಗ್ಗುತ್ತದೆ. ಆದ್ದರಿಂದ ಪ್ರತಿ ತಾಕಿನಲ್ಲಿ ಹತ್ತು ಅಂತರಗಳನ್ನು ಒಟ್ಟಿಗೆ ಟೇಪು ಹಿಡಿದು ಅಳೆದು, ಹತ್ತರಿಂದ ಭಾಗಿಸಿ, ಸಾಲಿನುದ್ದಕ್ಕೂ ಸಾಲಿಗೆ ಅಡ್ಡಲಾಗಿಯೂ ಸರಾಸರಿ ಅಂತರವನ್ನು ಬರೆದುಕೊಂಡೆವು. ತಾಕಿನ ವಿಸ್ತೀರ್ಣವನ್ನು ಅದರಿಂದಲೇ ಲೆಕ್ಕ ಹಾಕಿದೆವು. ಗಿಡ ನೆಡುವ ಆಳುಗಳು ಹಗ್ಗವನ್ನು ನೆಲಕ್ಕೆ ತಾಗಿಸಿಯೇ ಹಿಡಿಯುತ್ತಾರೆ ಎಂಬುದನ್ನೂ ನೆನಪಿಡಬೇಕು. 15 ಡಿಗ್ರಿ ಇಳಿಜಾರಿನಲ್ಲಿ ನೆಲದ ಮೇಲಿನ 10 ಅಡಿ ಸಮತಲದಲ್ಲಿ 9.66 ಅಡಿ ಮಾತ್ರ. ಪಹಣಿಯ ಎಕರೆ ಸಮತಲದ ಎಕರೆಯಾದ್ದರಿಂದ ತಾಕನ್ನೂ ಸಮತಲಕ್ಕೆ ಇಳಿಸಿಕೊಳ್ಳದೆ ಗುಣಿಸುವಂತಿಲ್ಲ.

ಇನ್ನು ಸಲಕರಣೆ. ವೃತ್ತಕ್ಕೆ ಬೇಕಾದ ತ್ರಿಜ್ಯ 37.24 ಅಡಿ, ಅಂದರೆ 37 ಅಡಿ 3 ಅಂಗುಲಕ್ಕೆ ಕೂದಲೆಳೆಯಷ್ಟು ಕಡಿಮೆ. ನೈಲಾನ್ ಹಗ್ಗ ಅಗ್ಗ, ಎಲ್ಲೆಡೆ ಸಿಗುತ್ತದೆ, ಆದರೆ ಎಳೆದಂತೆ ಹಿಗ್ಗುತ್ತದೆ. ಈ ಉದ್ದದಲ್ಲಿ ಒಂದಡಿ ಹಿಗ್ಗಿದರೆ ತಾಕಿನ ವಿಸ್ತೀರ್ಣ ಶೇಕಡಾ 5ಕ್ಕಿಂತ ಹೆಚ್ಚು ಹಿಗ್ಗುತ್ತದೆ, ಏಕೆಂದರೆ ತ್ರಿಜ್ಯದ ದೋಷ ವಿಸ್ತೀರ್ಣದಲ್ಲಿ ಇಮ್ಮಡಿಯಾಗುತ್ತದೆ. ಬಟ್ಟೆ ಒಣಹಾಕಲು ಕಟ್ಟುವ, ಪ್ಲಾಸ್ಟಿಕ್ ಹೊದಿಕೆಯ ಸ್ಟೀಲ್ ತಂತಿಯನ್ನು ತಂದು, ಅದರ ಒಂದು ತುದಿಗೆ ಬಳೆ ಹಾಕಿ, 10 ಎಂಎಂ ಕಬ್ಬಿಣದ ಸರಳಿನ ಗೂಟಕ್ಕೆ ತೊಡಿಸಿದೆ. ಬಳೆಯ ನಡುವಿನಿಂದ 37.24 ಅಡಿಗೆ ಕೆಂಪು ಇನ್ಸುಲೇಷನ್ ಟೇಪು ಸುತ್ತಿ, ಅದರ ಆಚೆ ಮೂರಡಿಯಷ್ಟು ತಂತಿಯನ್ನು ಇಳಿಜಾರಿನ ತಿದ್ದುಪಡಿಗಾಗಿ ಬಿಟ್ಟು, ಅಂಗುಲದ ಗುರುತುಗಳನ್ನು ಹಾಕಿದೆ. ಎದೆಮಟ್ಟಕ್ಕೆ ನಾಲ್ಕೂವರೆ ಅಡಿಯ, ಅಂದರೆ 1.37 ಮೀಟರಿನ ಬಿದಿರು ಕೋಲು. ಸುತ್ತಳತೆಗೆ ದರ್ಜಿ ಬಳಸುವ ಟೇಪು. ಇಳಿಜಾರಿಗೆ ಶಾಲೆಯ ಕೋನಮಾಪಕಕ್ಕೆ ದಾರ ಕಟ್ಟಿ ನಟ್ಟು ಇಳಿಬಿಟ್ಟ ಸಾಧನ. ದರ್ಜಿ ಟೇಪು ಹಳೆಯದಾದರೆ ಅದೂ ಹಿಗ್ಗಿರುತ್ತದೆ. ಸ್ಟೀಲ್ ಟೇಪಿನ ಪಕ್ಕದಲ್ಲಿ ಇಟ್ಟು ನೋಡಿಯೇ ಒಯ್ಯಬೇಕು.

ವೃತ್ತದ ತಾಕನ್ನು ತಂತಿ ತಿರುಗಿಸಿ ಗೆರೆ ಹೊಡೆದು ತೋರಿಸುವ ಚಿತ್ರ ಎಲ್ಲ ಕೈಪಿಡಿಗಳಲ್ಲಿಯೂ ಇರುತ್ತದೆ. ಇಪ್ಪತ್ತು ಮರ ನಿಂತಿರುವ ಜಾಗದಲ್ಲಿ ತಂತಿ ತಿರುಗುವುದೇ ಇಲ್ಲ. ಎರಡನೆಯ ಹೆಜ್ಜೆಗೇ ಕಾಂಡಕ್ಕೆ ಸಿಕ್ಕಿಕೊಳ್ಳುತ್ತದೆ. ನಿಜವಾಗಿ ಮಾಡುವುದು ಇಷ್ಟು: ಉತ್ತರಕ್ಕೆ ಮುಖಮಾಡಿ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತುತ್ತ, ಕಣ್ಣಿಗೇ ಒಳಗೆಂದು ಕಾಣುವ ಮರಗಳನ್ನು ನೇರವಾಗಿ ಅಳೆದು, ಕೇಂದ್ರದ ಕಡೆಯ ಮೈಗೆ ಸುಣ್ಣದ ಗುರುತು ಹಾಕಿ, ಅನುಮಾನದ ಮರಕ್ಕೆ ಮಾತ್ರ ತಂತಿಯನ್ನು ಒಯ್ಯುವುದು. ಅಂಥ ಒಂದು ಮರವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಕೇಂದ್ರಕ್ಕೂ ಅದಕ್ಕೂ ನೆಲ ಸಮಮಟ್ಟ, ಆದ್ದರಿಂದ ಇಳಿಜಾರಿನ ತಿದ್ದುಪಡಿ ಇಲ್ಲ. ಗೂಟದಿಂದ ಕಾಂಡದ ಎದುರು ಮೈಗೆ ತಂತಿ ಸರಿಯಾಗಿ 37 ಅಡಿ ತೋರಿಸಿತು. ಕೆಂಪು ಗುರುತು ಇನ್ನೂ ಸುಮಾರು ಮೂರು ಅಂಗುಲ ಆಚೆಗಿದೆ, ಮರ ಒಳಗಿದೆ ಎಂದೇ ಅನ್ನಿಸುತ್ತದೆ. ಸುತ್ತಳತೆ 24 ಅಂಗುಲ. ಅದರ ವ್ಯಾಸ 7.64 ಅಂಗುಲ, ಅರ್ಧ 3.82 ಅಂಗುಲ. ಮರದ ತಿರುಳು ಇರುವುದು 37 ಅಡಿ 3.82 ಅಂಗುಲದಲ್ಲಿ, ಅಂದರೆ ಗಡಿಯಿಂದ ಒಂದು ಅಂಗುಲದಷ್ಟು ಹೊರಗೆ. ಮರ ಹೊರಗೆ. ಎದುರು ಮೈಯನ್ನೇ ನೆಚ್ಚಿ ಇಂಥವುಗಳನ್ನೆಲ್ಲ ಒಳಗೆ ಸೇರಿಸುತ್ತ ಹೋದರೆ ತ್ರಿಜ್ಯವನ್ನು ಅರ್ಧ ವ್ಯಾಸದಷ್ಟು ಹಿಗ್ಗಿಸಿದಂತೆ. ಈ ದಪ್ಪದ ಮರಗಳಲ್ಲಿ ಅದರಿಂದ ವಿಸ್ತೀರ್ಣಕ್ಕೆ ಶೇಕಡಾ 1.7ರಷ್ಟು ದೋಷ ಸೇರುತ್ತದೆ, ಅದೂ ಯಾವಾಗಲೂ ಒಂದೇ ಕಡೆಗೆ.

ಇಳಿಜಾರಿನಲ್ಲಿ ಅಳತೆ ಬದಲಾಗುವುದು ಏರು–ಇಳಿವಿನ ದಿಕ್ಕಿನಲ್ಲಿ ಮಾತ್ರ. ಸಮಮಟ್ಟದ ದಿಕ್ಕಿನಲ್ಲಿ ತ್ರಿಜ್ಯ ಹಾಗೆಯೇ ಇರುತ್ತದೆ. 10 ಡಿಗ್ರಿಗೆ ತಂತಿಯ ಉದ್ದ 37.81 ಅಡಿ, 15ಕ್ಕೆ 38.55, 20ಕ್ಕೆ 39.63 ಎಂದು ಸಣ್ಣ ಪಟ್ಟಿಯೊಂದನ್ನು ಬರೆದು ರಟ್ಟಿಗೆ ಅಂಟಿಸಿಕೊಂಡೆವು. ಗೂಟದಿಂದ ಆ ಮರದತ್ತ ಇರುವ ಕೋನವನ್ನು ನೋಡಿ ಪಟ್ಟಿಯ ಉದ್ದವನ್ನು ಹಿಡಿದರೆ ಆಯಿತು. ತಿದ್ದದೆ ಬಿಟ್ಟರೆ 20 ಡಿಗ್ರಿಯಲ್ಲಿ ತಾಕು ಶೇಕಡಾ 6ರಷ್ಟು ಚಿಕ್ಕದಾಗುತ್ತದೆ. ಚೌಕ ಅಥವಾ ಆಯತಕ್ಕೆ ಈ ತಿದ್ದುಪಡಿಯ ಜೊತೆಗೆ ಮೂಲೆಯ ಕಾಟವೂ ಇದೆ: 30, 40, 50 ಅಡಿಯ ತ್ರಿಕೋನದಿಂದ ಗಾರೆಯವರು ಮನೆಯ ಪಾಯಕ್ಕೆ ಮೂಲೆ ಹಿಡಿಯುವಂತೆ ಹಿಡಿದು, ಕೊನೆಗೆ ಕರ್ಣವನ್ನೂ ಅಳೆದು ನೋಡಬೇಕು. ಮೇಲ್ಭಾಗಕ್ಕೆ ವೃತ್ತವನ್ನು ಆರಿಸಲು ಇದೂ ಒಂದು ಕಾರಣ. ಒಂದೇ ಗೂಟ, ಮೂಲೆಗಳಿಲ್ಲ, ಕುರುಚಲು ಕಡಿದು ನಾಲ್ಕು ಗೆರೆ ಬಿಡಿಸುವ ಕೆಲಸವೂ ಇಲ್ಲ.

ತಾಕನ್ನೇ ಹಾಕದೆ ಎಣಿಸುವ ವಿಧಾನವನ್ನೂ ಪರೀಕ್ಷಿಸಿ ನೋಡಿದೆವು. ಆಸ್ಟ್ರಿಯಾದ ಅರಣ್ಯಾಧಿಕಾರಿ ವಾಲ್ಟರ್ ಬಿಟ್ಟರ್ಲಿಷ್ 1948ರಲ್ಲಿ ಮುಂದಿಟ್ಟ ಕೋನ ಎಣಿಕೆ ಅದು. 50 ಸೆಂಟಿಮೀಟರ್ ದಾರದ ತುದಿಗೆ 2 ಸೆಂಟಿಮೀಟರ್ ಅಗಲದ ತಗಡು ಕಟ್ಟಿ, ದಾರದ ಇನ್ನೊಂದು ತುದಿಯನ್ನು ಕಣ್ಣಿನ ಕೆಳಗೆ ಒತ್ತಿ ಹಿಡಿದು, ನಿಂತಲ್ಲಿಯೇ ಒಂದು ಸುತ್ತು ತಿರುಗಿ, ಎದೆಮಟ್ಟದಲ್ಲಿ ತಗಡಿಗಿಂತ ಅಗಲವಾಗಿ ಕಾಣುವ ಮರಗಳನ್ನು ಎಣಿಸಿ ನಾಲ್ಕರಿಂದ ಗುಣಿಸಿದರೆ, ಎದೆಮಟ್ಟದ ಅಡ್ಡಕೊಯ್ತದ ವಿಸ್ತೀರ್ಣ ಹೆಕ್ಟೇರಿಗೆ ಇಷ್ಟು ಚದರ ಮೀಟರ್ ಎಂದು ಬರುತ್ತದೆ. ಇಲ್ಲಿ ಪ್ರತಿ ಮರಕ್ಕೂ ಅದರ ದಪ್ಪಕ್ಕೆ ತಕ್ಕ ಅಳತೆಯ ಕಾಣದ ವೃತ್ತವೊಂದು ಇರುತ್ತದೆ. ದಪ್ಪ ಮರ ದೂರದಿಂದಲೂ ಎಣಿಕೆಗೆ ಬರುತ್ತದೆ. ಮರದ ಒಟ್ಟು ಗಾತ್ರವಷ್ಟೇ ಬೇಕಿದ್ದರೆ ಇದಕ್ಕಿಂತ ಚುರುಕಾದ ದಾರಿಯಿಲ್ಲ. ನಮಗೆ ಥಿನ್ನಿಂಗ್‌ಗಾಗಿ ತೆಳ್ಳನೆಯ ಮರಗಳ ಸಂಖ್ಯೆಯೂ ಬೇಕಿತ್ತು, ಈ ಎಣಿಕೆ ಅವುಗಳ ವಿಷಯದಲ್ಲಿ ಅಷ್ಟು ಗಟ್ಟಿಯಲ್ಲ. ಹಳ್ಳದ ಬದಿಯಲ್ಲಿ ಲಂಟಾನ ಎದೆಯೆತ್ತರ ಬೆಳೆದಿದ್ದರಿಂದ ಹಿಂದಿನ ಮರಗಳು ಕಾಣುತ್ತಲೂ ಇರಲಿಲ್ಲ. ತಾಳೆ ನೋಡಲು ಮಾತ್ರ ಅದನ್ನು ಇಟ್ಟುಕೊಂಡೆವು.

ತಾಕುಗಳ ಸಂಖ್ಯೆಗೆ ಸೂತ್ರ ಸರಳ: ತಾಕು ತಾಕಿನ ನಡುವಿನ ಏರಿಳಿತದ ಶೇಕಡಾವಾರನ್ನು ಎರಡರಿಂದ ಗುಣಿಸಿ, ಒಪ್ಪಬಹುದಾದ ದೋಷದಿಂದ ಭಾಗಿಸಿ, ವರ್ಗ ಮಾಡುವುದು. ಏರಿಳಿತ ಶೇಕಡಾ 30, ದೋಷ ಶೇಕಡಾ 10 ಎಂದರೆ 36 ತಾಕುಗಳು. ಇಡೀ ತೋಪಿನಲ್ಲಿ ನಾಲ್ಕು ಗುಂಟೆಯ 200 ತಾಕುಗಳಷ್ಟೇ ಇರುವುದರಿಂದ, ಆ ಒಟ್ಟು ಸಂಖ್ಯೆಗೆ ತಕ್ಕಂತೆ ತಿದ್ದಿದರೆ 31 ಸಾಕು. ದೋಷವನ್ನು ಶೇಕಡಾ 15ಕ್ಕೆ ಒಪ್ಪಿದ್ದರೆ 15ರಲ್ಲಿ ಮುಗಿಯುತ್ತಿತ್ತು. ಬಯಸುವ ನಿಖರತೆಯನ್ನು ಹೆಚ್ಚಿಸುವ ಮೊದಲು ಕೂಲಿಯ ಲೆಕ್ಕವನ್ನೂ ಹಾಕಬೇಕು. 168 ಅಡಿಗೊಂದರಂತೆ ಚೌಕಳಿ ಎಳೆದು, ಶುರುವಿನ ಬಿಂದುವನ್ನು ಚೀಟಿ ಎತ್ತಿ ಗೊತ್ತುಮಾಡಿದೆವು. 160 ಅಥವಾ 170 ಅಡಿಯನ್ನು ಬೇಕೆಂದೇ ಬಿಟ್ಟೆವು: ಅವು ನೆಟ್ಟ ಅಂತರದ ಗುಣಕಗಳು, ಒಂದು ಕೇಂದ್ರ ಮರದ ಮೇಲೆ ಬಿದ್ದರೆ ಉಳಿದವೂ ಮರದ ಮೇಲೆಯೇ ಬೀಳುವ ಅಪಾಯವಿದೆ.

ಬೇಲಿಯ ಅಂಚಿಗೆ ಬಿದ್ದ ವೃತ್ತಗಳನ್ನು ಒಳಗೆ ಸರಿಸಲಿಲ್ಲ. ಅಂಚಿನ ಮರಗಳಿಗೆ ಬಿಸಿಲು ಹೆಚ್ಚು, ಕಾಂಡ ದಪ್ಪ, ಕೊಂಬೆಯೂ ಹೆಚ್ಚು. ತಾಕನ್ನು ಒಳಗೆಳೆದರೆ ಅವುಗಳಿಗೆ ಸಲ್ಲಬೇಕಾದ ಪಾಲು ಸಲ್ಲುವುದಿಲ್ಲ. ಕೇಂದ್ರದಿಂದ ಬೇಲಿಗೆ 20 ಅಡಿ ಇದ್ದರೆ, ಬೇಲಿಯ ಆಚೆಗೂ ಅಷ್ಟೇ ದೂರದಲ್ಲಿ ಕನ್ನಡಿಯ ಬಿಂಬದಂತೆ ಇನ್ನೊಂದು ಕೇಂದ್ರವಿದೆ ಎಂದು ಭಾವಿಸಿ, ತಾಕಿನ ಮರಗಳಲ್ಲಿ ಆ ಬಿಂಬದ ತ್ರಿಜ್ಯದೊಳಗೂ ಬರುವಂಥವನ್ನು ಎರಡು ಸಲ ಬರೆದುಕೊಳ್ಳುವುದು ಸರಿಯಾದ ಕ್ರಮ. ಬೇಲಿ ನೇರವಾಗಿರುವಲ್ಲಿ ಇದು ಸಲೀಸು.

ಗುಣಿಸುವ ಎಕರೆಯನ್ನು ಪಹಣಿಯಿಂದ ಕಣ್ಣುಮುಚ್ಚಿ ಎತ್ತಿಕೊಳ್ಳುವಂತಿಲ್ಲ. ಕಲ್ಲುಹಾಸು, ಗಾಡಿದಾರಿ, ಹಳ್ಳದ ಪಾತ್ರ ಇವುಗಳನ್ನು ಕಳೆದು, ಗಿಡವಿರುವ ನೆಲವನ್ನಷ್ಟೇ ಎರಡೂ ಭಾಗಗಳಿಗೆ ಪ್ರತ್ಯೇಕವಾಗಿ ಲೆಕ್ಕ ಹಿಡಿದೆವು. ವೃತ್ತದ ಸಂಖ್ಯೆಗೆ ಹತ್ತರ ಗುಣಾಕಾರ, ಸಾಲಿನ ತಾಕಿಗೆ 43,560ನ್ನು ಆ ತಾಕಿನ ಅಳೆದ ಚದರಡಿಯಿಂದ ಭಾಗಿಸಿದಷ್ಟರ ಗುಣಾಕಾರ. ಎರಡು ಭಾಗಗಳ ಸರಾಸರಿಗಳನ್ನು ಅವುಗಳ ಎಕರೆಯ ಪ್ರಮಾಣದಲ್ಲಿಯೇ ಕೂಡಿಸಬೇಕು. ಎತ್ತರದ ಅಳತೆ ಇನ್ನು ಬಾಕಿಯಿದೆ. ಪ್ರತಿ ತಾಕಿನಲ್ಲಿ ಕೇಂದ್ರಕ್ಕೆ ಅತಿ ಹತ್ತಿರದ ಎರಡು ಮರಗಳನ್ನು ಅದಕ್ಕಾಗಿ ಗುರುತಿಸಿ ಇಟ್ಟಿದ್ದೇವೆ. ಸಾಗವಾನಿಯ ಎಲೆ ಪೂರ್ತಿ ಉದುರಿ, ತುದಿ ಬರಿಗಣ್ಣಿಗೆ ಸ್ಪಷ್ಟವಾಗಿ ಕಾಣುವಾಗ ಆ ಕೆಲಸವನ್ನು ಎತ್ತಿಕೊಳ್ಳುತ್ತೇವೆ.